ಮಾಟುಂಗದ ಹೋಟೆಲುಗಳು: ಆ ರುಚಿ ಎಲ್ಲಿಂದ ಬಂತು?

ಮುಂಬೈನಲ್ಲಿ ಒಳ್ಳೆ ಇಡ್ಲಿ, ದೋಸೆ ಎಲ್ಲಿ ಸಿಗುತ್ತದೆ ಎಂದು ಯಾರನ್ನೇ ಕೇಳಿ. ಮರಾಠಿಯವರಿರಲಿ, ಗುಜರಾತಿಯವರಿರಲಿ, ಪಂಜಾಬಿಯವರಿರಲಿ, ಮಾಟುಂಗಕ್ಕೆ ಹೋಗಿ ಅನ್ನುತ್ತಾರೆ. ಇದು ಸ್ವಲ್ಪ ಯೋಚನೆಗೆ ಹಚ್ಚುವ ಮಾತು. ಉಡುಪಿ ಹೋಟೆಲು ಇಲ್ಲದ ರೈಲ್ವೆ ಸ್ಟೇಷನ್ ಮುಂಬೈನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಎಲ್ಲ ಕಡೆಯೂ ಅದೇ ಅಕ್ಕಿ, ಅದೇ ಉದ್ದು. ಯಜಮಾನರೂ ಹೆಚ್ಚಾಗಿ ನಮ್ಮ ಕರಾವಳಿಯವರೇ. ಆದರೂ ಭಾನುವಾರ ಬೆಳಿಗ್ಗೆ ಜನ ಬೊರಿವಲಿಯಿಂದ, ಮುಲುಂದಿನಿಂದ ರೈಲು ಹತ್ತಿ ಮಾಟುಂಗಕ್ಕೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಯಾಕೆ?

ನನಗನ್ನಿಸುವುದು, ಆ ರುಚಿಯ ಅರ್ಧ ಮಾತ್ರ ಅಡುಗೆಮನೆಯಲ್ಲಿದೆ. ಇನ್ನರ್ಧ ಬೀದಿಯಲ್ಲಿದೆ. ಯಾರು ಬಂದು ತಿನ್ನುತ್ತಾರೆ, ಎದುರಿನ ಮಾರ್ಕೆಟ್ಟಿನಲ್ಲಿ ಏನು ಸಿಗುತ್ತದೆ, ಕಟ್ಟಡದ ಬಾಡಿಗೆ ಎಷ್ಟು, ಇದೆಲ್ಲ ಸೇರಿ ಸಾಂಬಾರಿನ ರುಚಿ ಆಗುತ್ತದೆ. ನನಗೆ ಇಷ್ಟವಾದ ಕೆಲವು ಹೋಟೆಲುಗಳ ಬಗ್ಗೆ ಹೇಳುತ್ತಾ ಹೋಗುತ್ತೇನೆ. ಆಗ ನಿಮಗೇ ಗೊತ್ತಾಗುತ್ತದೆ.

ಮೊದಲು ಜಾಗದ ಪರಿಚಯ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಜನ ಸತ್ತರು. ಎರಡು ವರ್ಷದ ಮೇಲೆ, 1898ರಲ್ಲಿ, ಸರ್ಕಾರ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಂತ ಮಾಡಿತು. ಊರಿನ ಉತ್ತರಕ್ಕೆ ಖಾಲಿ ಇದ್ದ ದಾದರ್, ಮಾಟುಂಗ, ಸಾಯನ್ ಕಡೆ ಅಗಲವಾದ ರಸ್ತೆ, ಮರ, ಉದ್ಯಾನ, ಮೂರು ಮಹಡಿಯ ಮನೆಗಳ ಬಡಾವಣೆ ಹಾಕಿದರು. ಮಧ್ಯದಲ್ಲಿ ದುಂಡಗಿನ ಪಾರ್ಕು, ಕಿಂಗ್ಸ್ ಸರ್ಕಲ್. ಈಗ ಅದರ ಹೆಸರು ಮಹೇಶ್ವರಿ ಉದ್ಯಾನ, ಆದರೂ ಜನ ಹೇಳುವುದು ಕಿಂಗ್ಸ್ ಸರ್ಕಲ್ ಅಂತಲೇ. ಒಂದು ಕಡೆ ಸೆಂಟ್ರಲ್ ಲೈನಿನ ಮಾಟುಂಗ ಸ್ಟೇಷನ್, ಇನ್ನೊಂದು ಕಡೆ ಹಾರ್ಬರ್ ಲೈನಿನ ಕಿಂಗ್ಸ್ ಸರ್ಕಲ್, ಪಶ್ಚಿಮಕ್ಕೆ ಮಾಟುಂಗ ರೋಡ್. ಮೂರು ಲೈನಿನಿಂದಲೂ ನಡೆದು ಬರಬಹುದಾದ ಜಾಗ. ಸೆಂಟ್ರಲ್ ಲೈನಿನ ಆ ಸ್ಟೇಷನ್ನನ್ನು 2017ರಿಂದ ಪೂರ್ತಿ ಹೆಂಗಸರೇ ನಡೆಸುತ್ತಿದ್ದಾರೆ. ಇಳಿದಾಗ ಗಮನಿಸಿ, ಟಿಕೆಟ್ ಕೌಂಟರಿನಿಂದ ಹಿಡಿದು ಸ್ಟೇಷನ್ ಮ್ಯಾನೇಜರ್ ತನಕ.

ಈ ಹೊಸ ಮನೆಗಳಿಗೆ ಯಾರು ಬಂದರು? ರೈಲ್ವೆಯಲ್ಲಿ, ಬ್ಯಾಂಕಿನಲ್ಲಿ, ಕಂಪನಿಗಳಲ್ಲಿ ಗುಮಾಸ್ತರಾಗಿ, ಸ್ಟೆನೋಗಳಾಗಿ ಬಂದ ತಮಿಳರು ಮತ್ತು ಪಾಲಕ್ಕಾಡಿನವರು. ವ್ಯಾಪಾರದ ಕಚ್ಛಿಗಳು, ಗುಜರಾತಿಗಳು. ಪಕ್ಕದಲ್ಲೇ ದಾದರ್ ಪಾರ್ಸಿ ಕಾಲೊನಿ. ಮಲಯಾಳಿಗಳು, ತೆಲುಗರು, ಮರಾಠಿಗರು. ಮತ್ತೆ ನಮ್ಮವರು. ಮೈಸೂರು ಅಸೋಸಿಯೇಷನ್ ಶುರುವಾದದ್ದು 1926ರಲ್ಲಿ. ಅದರ ಕಟ್ಟಡ ಇವತ್ತಿಗೂ ಭಾವು ದಾಜಿ ರಸ್ತೆಯಲ್ಲಿದೆ. ಕರ್ನಾಟಕ ಸಂಘ ರೈಲ್ವೆ ಹಳಿಯ ಆಚೆ, ಪಶ್ಚಿಮದಲ್ಲಿ. ಪಕ್ಕದ ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ. ಕಾಲೇಜುಗಳನ್ನು ಮರೆಯಬೇಡಿ. ವಿಜೆಟಿಐ, ಈಗ ಐಸಿಟಿ ಎನ್ನುವ ಯುಡಿಸಿಟಿ, ರೂಯಾ, ಖಾಲ್ಸಾ, ಪೋದಾರ್, ಎಲ್ಲ ಸುತ್ತಮುತ್ತಲೇ. ಅಂದರೆ ಒಂಟಿಯಾಗಿ ಕೆಲಸಕ್ಕೆ ಬಂದ ಗಂಡಸರು, ಕೈಯಲ್ಲಿ ಹೆಚ್ಚು ಕಾಸಿಲ್ಲದ ವಿದ್ಯಾರ್ಥಿಗಳು, ಮಡಿ ಮೈಲಿಗೆ ನೋಡುವ ಅಜ್ಜಿಯರು, ಈರುಳ್ಳಿ ಮುಟ್ಟದ ಜೈನರು. ಎಲ್ಲರಿಗೂ ಹಸಿವು ಇದೆ, ಎಲ್ಲರಿಗೂ ಬೇರೆ ಬೇರೆ ನಿಯಮ ಇದೆ. ಹೋಟೆಲಿನವನು ಇವರೆಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಬಡಿಸಬೇಕು.

ನಸುಕಿನಿಂದ ಶುರು ಮಾಡೋಣ. ಸ್ಟೇಷನ್ನಿನ ಹತ್ತಿರ, ಭಂಡಾರ್ಕರ್ ರಸ್ತೆಯಲ್ಲಿ ರಾಮ ಆಶ್ರಯ ಇದೆ. 1939ರ ಹೋಟೆಲು. ಬೆಳಿಗ್ಗೆ ಐದಕ್ಕೇ ಬಾಗಿಲು ತೆಗೆಯುತ್ತಾರೆ. ಆ ಹೊತ್ತಿಗೆ ಅಲ್ಲಿ ಯಾರಿರುತ್ತಾರೆ ಎಂದು ನೋಡುವುದೇ ಒಂದು ಸಂತೋಷ. ಫೈವ್ ಗಾರ್ಡನ್ಸ್‌ನಲ್ಲಿ ವಾಕಿಂಗ್ ಮುಗಿಸಿ ಬಂದ ಗುಜರಾತಿ ದಂಪತಿ. ಮಾರ್ಕೆಟ್ಟಿನಲ್ಲಿ ಬುಟ್ಟಿ ಇಳಿಸಿ ಬಂದ ಹೂವಿನವರು. ಹಣೆಗೆ ವಿಭೂತಿ ಹಚ್ಚಿದ, ದೇವಸ್ಥಾನದಿಂದ ನೇರ ಬಂದ ಮಾಮ. ರಾತ್ರಿ ಪಾಳಿ ಮುಗಿಸಿದ ಹುಡುಗರು. ನಾಲ್ಕು ಜನರ ಮೇಜಿನಲ್ಲಿ ನಾಲ್ಕು ಬೇರೆ ಗುಂಪಿನವರು. ಜಾಗ ಇದ್ದರೆ ಕೂತುಬಿಡಬೇಕು, ಕೇಳುವ ಪದ್ಧತಿ ಇಲ್ಲ.

ಅವತ್ತಿನ ತಿಂಡಿಗಳನ್ನು ಬೋರ್ಡಿನ ಮೇಲೆ ಬರೆದಿರುತ್ತಾರೆ. ಉಪ್ಪಿಟ್ಟು, ಶೀರಾ, ಕಾಫಿ, ನಾನು ತಗೊಳ್ಳುವುದು ಇಷ್ಟೇ. ಅನಾನಸ್ ಹಾಕಿದ ಶೀರಾ ಇಲ್ಲಿಯ ಹೆಸರುವಾಸಿ ತಿಂಡಿ. ತುಪ್ಪ ಕೈಗೆ ಹತ್ತುತ್ತದೆ, ಆದರೆ ಬಾಯಲ್ಲಿ ಹಣ್ಣಿನ ಹುಳಿ ಮುಂದೆ ನಿಲ್ಲುತ್ತದೆ. ಅದೇ ಅದರ ಹದ. ಉಪ್ಪಿಟ್ಟು ಮೆತ್ತಗೆ, ಬಿಸಿಯಾಗಿ ಇರುತ್ತದೆ. ದಿನಕ್ಕೆ ಇಷ್ಟೊಂದು ಜನ ಬರುವ ಹೋಟೆಲಿನಲ್ಲಿ ಉಪ್ಪಿಟ್ಟು ಒಲೆಯ ಮೇಲೆ ಕಾಯುತ್ತಾ ಕೂರುವುದೇ ಇಲ್ಲ. ಮಾಡಿದ್ದು ಮಾಡಿದ ಹಾಗೆ ಖಾಲಿ. ಉಪ್ಪಿಟ್ಟಿನಂಥ ತಿಂಡಿಗೆ ಇದಕ್ಕಿಂತ ದೊಡ್ಡ ಗುಟ್ಟು ಬೇಕಿಲ್ಲ. ಅರ್ಧ ಗಂಟೆ ಇಟ್ಟ ಉಪ್ಪಿಟ್ಟನ್ನು ಯಾವ ಭಟ್ಟರೂ ಉಳಿಸಲಾರರು. ಬೀದಿ ರುಚಿ ಕೊಡುತ್ತದೆ ಅಂದೆನಲ್ಲ, ಮೊದಲ ಅರ್ಥ ಇದು. ಗಿರಾಕಿ ತುಂಬಿದ್ದರೆ ತಿಂಡಿ ತಾಜಾ.

ಹೊರಗೆ ಬಂದರೆ ಮಾರ್ಕೆಟ್. ಇದನ್ನು ಬಿಟ್ಟು ಹೋಟೆಲಿನ ಮಾತು ಆಡಲು ಆಗುವುದಿಲ್ಲ. ಕಟ್ಟು ಕಟ್ಟು ಬಾಳೆ ಎಲೆ, ಕರಿಬೇವು, ನುಗ್ಗೆಕಾಯಿ, ಸಾಂಬಾರ್ ಈರುಳ್ಳಿ, ಬೂದುಗುಂಬಳ, ಮಂಗಳೂರು ಸೌತೆ. ತೆಂಗಿನೆಣ್ಣೆಯಲ್ಲಿ ಕರಿದ ಬಾಳೆಕಾಯಿ ಚಿಪ್ಸ್, ಹಪ್ಪಳ, ಸಂಡಿಗೆ, ಮಲ್ಲಿಗೆ ದಂಡೆ. ಮೈಸೂರು ಕನ್ಸರ್ನ್ಸ್ ಅಂಗಡಿಯಲ್ಲಿ ಕಣ್ಣ ಮುಂದೆ ಕಾಫಿ ಬೀಜ ಪುಡಿ ಮಾಡಿ ಕೊಡುತ್ತಾರೆ. ಚಿಕೋರಿ ಎಷ್ಟು ಬೇಕು ಹೇಳಿ, ಅಷ್ಟೇ ಹಾಕುತ್ತಾರೆ. ಆ ಘಮ ರಸ್ತೆಗೆ ಬರುತ್ತದೆ. ಅಡುಗೆಯವನಿಗೆ ಬೇಕಾದ ಸಾಮಾನು ಹೀಗೆ ನಡೆದು ಹೋಗುವ ದೂರದಲ್ಲಿದೆ. ಮನೆಗಳಿಗೂ ಬೇಕು, ಹೋಟೆಲುಗಳಿಗೂ ಬೇಕು, ದೇವಸ್ಥಾನಗಳಿಗೂ ಬೇಕು, ಅದಕ್ಕೇ ಮಾರ್ಕೆಟ್ ಉಳಿದಿದೆ. ಅಂಧೇರಿಯ ಹೋಟೆಲಿಗೆ ಈ ಸೌಲಭ್ಯ ಇಲ್ಲ. ಅವರು ಫೋನ್ ಮಾಡಿ ತರಿಸಬೇಕು. ಬಂದದ್ದನ್ನು ಬಳಸಬೇಕು.

ಇನ್ನೊಂದು ಮಾತು. ಗಿರಾಕಿಗಳಿಗೇ ಅಡುಗೆ ಗೊತ್ತಿದೆ. ರಸಂನಲ್ಲಿ ಮೆಣಸು ಕಡಿಮೆಯಾದರೆ ಎದುರಿನ ಕಟ್ಟಡದ ಪಾಟಿ, ಅಂದರೆ ತಮಿಳು ಅಜ್ಜಿ, ಬಂದು ಹೇಳಿಬಿಡುತ್ತಾರೆ. ಬೇರೆ ಬಡಾವಣೆಯಲ್ಲಿ ಸಾಂಬಾರು ಸಿಹಿಯಾದರೂ ಕೇಳುವವರಿಲ್ಲ. ಇಲ್ಲಿ ಕೇಳುತ್ತಾರೆ. ಮುಂಬೈನ ಎಷ್ಟೋ ಉಡುಪಿ ಹೋಟೆಲುಗಳಲ್ಲಿ ಸಾಂಬಾರಿಗೆ ಸಕ್ಕರೆ ಜಾಸ್ತಿ ಬೀಳುತ್ತದೆ, ನೀವು ತಿಂದೇ ಇರುತ್ತೀರಿ. ಮಾಟುಂಗದಲ್ಲಿ ಅದು ಅಷ್ಟು ನಡೆಯಲಿಲ್ಲ. ಮನೆಯಲ್ಲಿ ಸಾಂಬಾರ್ ಮಾಡುವವರೇ ಇಲ್ಲಿ ಗಿರಾಕಿಗಳು.

ಕಿಂಗ್ಸ್ ಸರ್ಕಲ್ ಕಡೆ ನಡೆಯೋಣ. ಭಾವು ದಾಜಿ ರಸ್ತೆಯಲ್ಲಿ ಕೆಫೆ ಮದ್ರಾಸ್, 1940ರದ್ದು. ಹೆಸರು ಮದ್ರಾಸ್, ಶುರು ಮಾಡಿದವರು ಕಾಮತರು. ಸರ್ಕಲ್ಲಿನ ಇನ್ನೊಂದು ಕಡೆ ಮೈಸೂರು ಕೆಫೆ, 1936ರದ್ದು. ಹೆಸರು ಮೈಸೂರು, ನಡೆಸುತ್ತಿರುವವರು ನಾಯಕರು. ಇಬ್ಬರೂ ಕರಾವಳಿಯ ಕೊಂಕಣಿಗರು. ಗಿರಾಕಿಗಳು ಯಾರು ಎಂದು ನೋಡಿ ಹೋಟೆಲಿಗೆ ಹೆಸರಿಡುವ ಕಾಲ ಅದು. ಮುಂಬೈನವರಿಗೆ ದಕ್ಷಿಣದವರೆಲ್ಲ ಮದ್ರಾಸಿಗಳೇ ಆಗಿದ್ದರು.

ಕೆಫೆ ಮದ್ರಾಸ್‌ನಲ್ಲಿ ನನ್ನ ಮೊದಲ ಆಯ್ಕೆ ರಸಂ ವಡೆ. ಬಿಸಿ ವಡೆಯನ್ನು ರಸಂನಲ್ಲಿ ಮುಳುಗಿಸಿ ಕೊಡುತ್ತಾರೆ. ರಸಂ ಖಾರವಾಗಿ, ತೆಳ್ಳಗೆ ಇರಬೇಕು. ವಡೆ ಅದನ್ನು ಹೀರಿಕೊಂಡರೂ ಮುದ್ದೆಯಾಗಬಾರದು. ಈ ಎರಡೂ ಇಲ್ಲಿ ಸರಿಯಾಗಿ ಕೂಡುತ್ತವೆ. ಆಮೇಲೆ ರಾಗಿ ದೋಸೆ. ನೀರ್ ದೋಸೆಯೂ ಸಿಗುತ್ತದೆ. ಕರಾವಳಿಯ ಮನೆ ತಿಂಡಿ, ಅದನ್ನು ಅಕ್ಕಪಕ್ಕದ ಮೇಜಿನ ಮಾರ್ವಾಡಿ ಮಕ್ಕಳು ಹೆಸರು ಹಿಡಿದು ಕೇಳುವುದನ್ನು ನೋಡಿದಾಗ ನನಗೆ ನಿಜಕ್ಕೂ ಹೆಮ್ಮೆ ಆಗುತ್ತದೆ. ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ರಜೆ ದಿನ ಫುಟ್‌ಪಾತ್ ತುಂಬಿರುತ್ತದೆ. ಒಳಗೆ ಕೂತ ಮೇಲೆ ಎಲ್ಲ ಒಟ್ಟಿಗೆ ಹೇಳಿಬಿಡಿ, ಒಂದೊಂದೇ ಹೇಳಬೇಡಿ. ಹೊರಗಿನವರು ನಿಮ್ಮ ಬೆನ್ನನ್ನೇ ನೋಡುತ್ತಿರುತ್ತಾರೆ. ಮುಗಿದ ಮೇಲೆ ಮಾತಾಡುತ್ತಾ ಕೂರುವುದು ಇಲ್ಲಿ ಮರ್ಯಾದೆಯಲ್ಲ.

ಮೈಸೂರು ಅಸೋಸಿಯೇಷನ್ ಇರುವುದೂ ಇದೇ ರಸ್ತೆಯಲ್ಲೇ ಅಂದೆನಲ್ಲ. ಅಲ್ಲಿ ಕನ್ನಡ ನಾಟಕ ನೋಡಿ, ನಡೆದು ಬಂದು ದೋಸೆ ತಿಂದು, ಹಾರ್ಬರ್ ಲೈನಿನ ರೈಲು ಹಿಡಿಯುವುದು. ಮುಂಬೈ ಕನ್ನಡಿಗರ ಎಷ್ಟೋ ಸಂಜೆಗಳು ಹೀಗೆ ಕಳೆದಿವೆ. ನಾಟಕ ಚೆನ್ನಾಗಿತ್ತೋ ಇಲ್ಲವೋ ಎಂಬ ಜಗಳ ನಡೆಯುತ್ತಿದ್ದದ್ದು ಸಾಲಿನಲ್ಲಿ ನಿಂತಾಗಲೇ.

ಮೈಸೂರು ಕೆಫೆಯ ಬಗ್ಗೆ ಎಲ್ಲರೂ ಹೇಳುವ ವಿಷಯ, ಮುಕೇಶ್ ಅಂಬಾನಿಗೆ ಅದು ಇಷ್ಟ ಎಂಬುದು. ಅವರು ಯುಡಿಸಿಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದವರು. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು, ಅದೇ ಬೆಂಚಿನ ಮೇಲೆ ಅದೇ ಇಡ್ಲಿ ತಿಂದು ಸಾಮಾನ್ಯ ಎಂಜಿನಿಯರುಗಳಾಗಿ ನಿವೃತ್ತರಾದ ಸಾವಿರಾರು ಜನ. ಅವರು ಮೊಮ್ಮಕ್ಕಳನ್ನು ಕರಕೊಂಡು ಬರುತ್ತಾರೆ. ಹೋಟೆಲು ನಡೆಯುವುದು ಅವರಿಂದ.

ಮಧ್ಯಾಹ್ನದ ಊಟಕ್ಕೆ ನನಗೆ ಒಂದೇ ಜಾಗ: ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಲ್ಲಿ ಶುರುವಾದದ್ದು. ರಾಮ ನಾಯಕರು ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು, ಪಾತ್ರೆ ತೊಳೆಯುವುದರಿಂದ ಶುರು ಮಾಡಿ ಅಡುಗೆ ಕಲಿತವರು. ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದಲ್ಲಿ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಮೊದಲು ದುಡ್ಡು ಕೊಟ್ಟು ಕೂಪನ್, ಆಮೇಲೆ ಬೆಂಚಿನ ಮೇಲೆ ಕಾಯುವುದು. ಬಾಳೆ ಎಲೆ ಊಟವಾದರೆ ಬೇಕಾದಷ್ಟು ಬಡಿಸುತ್ತಾರೆ.

ಎಲೆ ಹಾಕುತ್ತಾರೆ, ನೀರು ಚಿಮುಕಿಸಿ ಒರೆಸುತ್ತೀರಿ. ಪಲ್ಯ, ಕೂಟು, ಚಪಾತಿ ಅಥವಾ ಪೂರಿ, ಅನ್ನ, ಸಾಂಬಾರು, ರಸಂ, ಮೊಸರು, ಹಪ್ಪಳ. ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇಲ್ಲ, ಅಲ್ವಾ? ಮನೆಯಲ್ಲಿ ಮಾಡುವುದೂ ಇದನ್ನೇ. ಆದರೆ ಬಡಿಸುವವರನ್ನು ನೋಡಿ. ನಿಮ್ಮ ಎಲೆಯಲ್ಲಿ ಏನು ಖಾಲಿಯಾಗುತ್ತಿದೆ ಎಂದು ಅವರಿಗೆ ನಿಮಗಿಂತ ಮೊದಲು ಗೊತ್ತಾಗುತ್ತದೆ. ರಸಂ ಕುಡಿಯಲು ಲೋಟ ಮುಂದೆ ಚಾಚಿದರೆ ತುಂಬಿಸುತ್ತಾರೆ. ಬೇಡ ಅಂದರೂ ಇನ್ನೊಂದು ಸೌಟು. ಇದನ್ನು ನಾವು ಮದುವೆ ಮನೆಯಲ್ಲಿ ಕಾಣುತ್ತೇವೆ, ದುಡ್ಡು ಕೊಡುವ ಜಾಗದಲ್ಲಿ ಕಾಣುವುದು ಕಡಿಮೆ.

ಇಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ. ಅಡುಗೆಮನೆ ನೋಡಬೇಕು ಅಂದರೆ ಒಳಗೆ ಹೋಗಿ ನೋಡಬಹುದು. ನಾನು ನೋಡಿದ್ದೇನೆ. ದೊಡ್ಡ ದೊಡ್ಡ ಪಾತ್ರೆ, ಒದ್ದೆ ಕಲ್ಲಿನ ನೆಲ, ತರಕಾರಿ ಹೆಚ್ಚುವವರ ಸಾಲು. ಮುಚ್ಚಿಡುವಂಥದ್ದು ಏನೂ ಇಲ್ಲ. ಹೊರಗಿನವರಿಗೆ ಬಾಗಿಲು ತೆರೆದಿರುವ ಅಡುಗೆಮನೆ ತಾನಾಗಿಯೇ ಚೊಕ್ಕಟವಾಗಿರುತ್ತದೆ. ಎಲ್ಲ ಹೋಟೆಲಿನವರೂ ಇದನ್ನು ಮಾಡಬೇಕು ಎಂದು ನನ್ನ ಆಸೆ.

ಈ ಪಂಕ್ತಿಯಲ್ಲಿ ಕೂತವರ ಬಗ್ಗೆಯೂ ಹೇಳಬೇಕು. ದಕ್ಷಿಣದ ಊರುಗಳಲ್ಲಿ ಹೋಟೆಲಿನ ಒಳಗೆ ಜಾತಿಗೊಂದು ಕೋಣೆ, ಹೊರಗೆ ಜಾತಿಯ ಬೋರ್ಡು ಇದ್ದ ಕಾಲವನ್ನು ನಮ್ಮ ಹಿರಿಯರು ನೋಡಿದ್ದಾರೆ. ಮುಂಬೈನ ಗಡಿಬಿಡಿಯಲ್ಲಿ ಅದು ಬೇಗ ಸಡಿಲವಾಯಿತು. ಪಕ್ಕದ ಎಲೆಯವನು ಯಾರು ಎಂದು ಕೇಳುತ್ತಾ ಕೂತರೆ ಲೋಕಲ್ ತಪ್ಪುತ್ತದೆ. ಹಾಗಂತ ಮಾಟುಂಗದಲ್ಲಿ ಎಲ್ಲರಿಗೂ ಎಲ್ಲವೂ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಪೂರ್ವ ಮಾಟುಂಗ ಬಹುಪಾಲು ಸಸ್ಯಾಹಾರದ ಬಡಾವಣೆ. ಮೀನು, ಮಾಂಸ ಬೇಕಾದವರು ದಾದರಿಗೋ ಮಾಹಿಮಿಗೋ ಸಾಯನ್ ಕೋಳಿವಾಡಕ್ಕೋ ಹೋಗಬೇಕು. ಎಷ್ಟೋ ಭಾಷೆಯವರು ಇದ್ದಾರೆ, ಆದರೆ ತಟ್ಟೆಗೆ ಒಂದು ಗಡಿ ಇದೆ. ಅದನ್ನೂ ನೋಡಬೇಕು.

ಆ ಗಡಿ ಸ್ವಲ್ಪ ತೆರೆಯುವ ಜಾಗ ಕಿಂಗ್ಸ್ ಸರ್ಕಲ್ಲಿನ ಮೂಲೆಯ ಇರಾನಿ ಹೋಟೆಲು, ಅಂದರೆ ಇರಾನಿನಿಂದ ಬಂದವರ ಹೋಟೆಲು, ಕೂಲರ್ ಆಂಡ್ ಕಂಪನಿ. 1932ರದ್ದು. ಮುಂಬೈನಲ್ಲಿ ಮೂಲೆ ಅಂಗಡಿಗಳು ಇರಾನಿಗಳ ಕೈಗೆ ಬಂದದ್ದು ಹಿಂದೂ ವ್ಯಾಪಾರಿಗಳು ಅಂಥ ಜಾಗ ಅಶುಭ ಎಂದು ಬಿಟ್ಟದ್ದರಿಂದ ಎಂದು ಹೇಳುತ್ತಾರೆ. ಎರಡು ರಸ್ತೆಗೂ ಬಾಗಿಲು, ಎರಡು ಕಡೆಯಿಂದಲೂ ಗಾಳಿ. ಕರಿ ಮರದ ಬಾಗಿದ ಕುರ್ಚಿಗಳು, ಕಲ್ಲಿನ ಮೇಜು. ಬ್ರುನ್ ಮಸ್ಕಾ ತಗೊಳ್ಳಿ. ಮೇಲೆ ಗಟ್ಟಿ, ಒಳಗೆ ಮೆತ್ತಗಿರುವ ಬ್ರೆಡ್ಡಿಗೆ ಬೆಣ್ಣೆ. ಅದನ್ನು ಚಹಾದಲ್ಲಿ ಅದ್ದಿ ತಿನ್ನಬೇಕು, ಇಲ್ಲದಿದ್ದರೆ ದವಡೆ ನೋಯುತ್ತದೆ. ಮೊಟ್ಟೆಯ ತಿಂಡಿಗಳಿವೆ, ಕೊಚ್ಚಿದ ಮಾಂಸದ ಖೀಮಾ ಇದೆ. ಉಡುಪಿ ಹೋಟೆಲಿನಲ್ಲಿ ಎದ್ದೇಳಿ ಎಂದು ಕಣ್ಣಿನಲ್ಲೇ ಹೇಳುತ್ತಾರೆ, ಇಲ್ಲಿ ಪೇಪರ್ ಓದುತ್ತಾ ಕೂರಬಹುದು. ಎರಡೂ ಬೇಕು ಒಂದು ಬಡಾವಣೆಗೆ.

ವಿದ್ಯಾರ್ಥಿಗಳ ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ರೂಯಾ ಕಾಲೇಜಿನ ಹುಡುಗರಿಗೆ ತಲೆಮಾರುಗಳಿಂದ ಗೊತ್ತಿರುವ ಹೆಸರು ಮಣೀಸ್ ಲಂಚ್ ಹೋಮ್. ಕೇರಳದಿಂದ ಬಂದ ಕುಟುಂಬದ್ದು, 1937ರಿಂದ ಇದೆ. ಇಡ್ಲಿ ಎರಡೇ ತಗೊಂಡು ಸಾಂಬಾರ್, ಚಟ್ನಿ ಮತ್ತೆ ಮತ್ತೆ ಹಾಕಿಸಿಕೊಳ್ಳುವುದು ಹಾಸ್ಟೆಲ್ ಹುಡುಗರ ಹಕ್ಕೇ ಆಗಿತ್ತು. ಶೆಜ್ವಾನ್ ದೋಸೆ, ಚೀಸ್ ದೋಸೆ ಹುಟ್ಟಿದ್ದು ಮುಂಬೈನ ಇಂಥ ಹುಡುಗರ ಬಾಯಿ ಚಪಲದಿಂದ. ಆಲೂಗಡ್ಡೆ ತಿನ್ನದ ಜೈನರಿಗೆ ಬಾಳೆಕಾಯಿ ಪಲ್ಯದ ಮಸಾಲೆ ದೋಸೆ ಬಂತು. ಬೆಂಗಳೂರಿನ ಕೆಲವರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. ಬಾಳೆಕಾಯಿಯ ಆ ಪಲ್ಯ ಒಳ್ಳೆ ಪಲ್ಯ. ಪಕ್ಕದ ಮನೆಯವರು ಬಂದು ಕೂತು ತಿನ್ನಲಿ ಎಂದು ಮಾಡಿದ ಬದಲಾವಣೆ ಅದು, ಅದರಲ್ಲಿ ಗೌರವ ಇದೆ.

ಈಗ ಕೆಲಸದವರ ಮಾತು. ನನಗೆ ಇದು ಬಹಳ ಮುಖ್ಯ. ಕರಾವಳಿಯಲ್ಲಿ ಮಳೆಗಾಲದ ಗದ್ದೆ ಬಿಟ್ಟರೆ ಬೇರೆ ದುಡಿಮೆ ಇಲ್ಲದ ಕಾಲದಲ್ಲಿ ಹುಡುಗರನ್ನು ಹತ್ತು, ಹನ್ನೆರಡು ವಯಸ್ಸಿಗೇ ಊರಿನವರ ಜೊತೆ ಮುಂಬೈಗೆ ಕಳಿಸುತ್ತಿದ್ದರು. ಹಗಲು ಮೇಜು ಒರೆಸುವುದು, ಲೋಟ ತೊಳೆಯುವುದು. ರಾತ್ರಿ ಅದೇ ಹೋಟೆಲಿನ ಮೇಜುಗಳ ಮೇಲೆ ಮಲಗುವುದು. ಅವರಿಗಾಗಿಯೇ ಮುಂಬೈನಲ್ಲಿ ಕನ್ನಡ ರಾತ್ರಿ ಶಾಲೆಗಳು ಹುಟ್ಟಿದವು. ಕೆಲಸ ಮುಗಿಸಿ, ಕೈಗೆ ಅಂಟಿದ ಸಾಂಬಾರಿನ ವಾಸನೆಯ ಜೊತೆಗೇ ಹೋಗಿ ಬೆಂಚಿನಲ್ಲಿ ಕೂತು ಮೆಟ್ರಿಕ್ ಪಾಸಾದವರು ಎಷ್ಟೋ ಜನ. ಅವರಲ್ಲಿ ಕೆಲವರು ವಕೀಲರಾದರು, ಕೆಲವರು ಬ್ಯಾಂಕಿನವರಾದರು, ಕೆಲವರು ಸ್ವಂತ ಹೋಟೆಲು ತೆರೆದರು. ಹೋಟೆಲಿನವರೇ ಆ ಶಾಲೆಗಳಿಗೆ ಚಂದಾ ಎತ್ತಿ ಕೊಟ್ಟರು. ಮುಂಬೈ ಕನ್ನಡದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕೆಲಸ ನನಗೆ ಕಾಣುವುದಿಲ್ಲ.

ಈಗ ಕರಾವಳಿಯ ಹುಡುಗರು ಕಡಿಮೆ. ಅವರು ಓದಿದ್ದಾರೆ, ಬೇರೆ ಕೆಲಸಕ್ಕೆ ಹೋಗಿದ್ದಾರೆ, ಹಾಗೇ ಆಗಬೇಕಿತ್ತು. ಇವತ್ತು ದೋಸೆ ಹುಯ್ಯುವವರು ಉತ್ತರ ಪ್ರದೇಶ, ಬಿಹಾರ, ಒಡಿಶಾ, ನೇಪಾಳದವರೂ ಇರುತ್ತಾರೆ. ಹಿಟ್ಟು ಹುದುಗು ಬಂದದ್ದನ್ನು ಕೈ ಹಾಕಿ ನೋಡಿ ಹೇಳುತ್ತಾರೆ. ಅವರಿಗೆ ಯಾವ ರಾತ್ರಿ ಶಾಲೆ ಇದೆ? ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದು, ಉಡುಪಿ ಹೋಟೆಲುಗಳ ಮೇಲೂ ಕಲ್ಲು ಬಿತ್ತು. ಹೋಟೆಲಿನವರು ಒಡೆದ ಗಾಜು ಬದಲಾಯಿಸಿ ಮತ್ತೆ ಬಾಗಿಲು ತೆಗೆದರು. ಬೋರ್ಡಿನ ಮೇಲೆ ಮರಾಠಿ ಬಂತು, ತಟ್ಟೆಯಲ್ಲಿ ಮಿಸಳ್, ಬಟಾಟೆ ವಡೆ ಬಂದವು. ಕೋಪ ಇದ್ದವರ ಮಕ್ಕಳೂ ಇಡ್ಲಿ ತಿನ್ನಲು ಬಂದರು.

ಕೊನೆಯದಾಗಿ ಬಾಡಿಗೆ. ರುಚಿಯ ಮಾತಿನಲ್ಲಿ ಬಾಡಿಗೆ ಯಾಕೆ ಎಂದು ನೀವು ಕೇಳಬಹುದು. 1947ರ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಜೊತೆಗೆ ಪಗಡಿ ಪದ್ಧತಿ ಬೆಳೆಯಿತು. ಒಳಗೆ ಬರುವಾಗ ದೊಡ್ಡ ಮೊತ್ತ ಕೊಡುತ್ತೀರಿ, ಆಮೇಲೆ ತಿಂಗಳ ಬಾಡಿಗೆ ತೀರಾ ಸಣ್ಣದು. 1999ರ ಹೊಸ ಕಾಯ್ದೆ ಬಂದ ಮೇಲೂ ಹಳೆ ಬಾಡಿಗೆದಾರರಿಗೆ ಸಾಕಷ್ಟು ರಕ್ಷಣೆ ಉಳಿಯಿತು. ದಕ್ಷಿಣ ಮತ್ತು ಮಧ್ಯ ಮುಂಬೈನ ಹಳೆ ಕಟ್ಟಡಗಳಲ್ಲಿ ಇದು ಸಾಮಾನ್ಯ. ಬಾಡಿಗೆ ಕಡಿಮೆ ಇದ್ದರೆ ಹೋಟೆಲಿನವನು ಕಾಫಿಯನ್ನು ಕಡಿಮೆ ದುಡ್ಡಿಗೆ ಕೊಡಬಹುದು. ಮಧ್ಯಾಹ್ನ ಸ್ವಲ್ಪ ಹೊತ್ತು ಬಾಗಿಲು ಹಾಕಿ ಕೆಲಸದವರಿಗೆ ನಿದ್ದೆ ಮಾಡಲು ಬಿಡಬಹುದು. ವಾರಕ್ಕೊಂದು ದಿನ ಪೂರ್ತಿ ರಜೆ ಕೊಡಬಹುದು. ಮೆನುವಿನಲ್ಲಿ ಇಪ್ಪತ್ತೇ ತಿಂಡಿ ಇಟ್ಟು ಅಷ್ಟನ್ನೇ ಚೆನ್ನಾಗಿ ಮಾಡಬಹುದು. ತಿಂಗಳಿಗೆ ಲಕ್ಷಗಟ್ಟಲೆ ಬಾಡಿಗೆ ಕಟ್ಟುವವನು ಬೆಳಿಗ್ಗೆಯಿಂದ ಮಧ್ಯರಾತ್ರಿ ತನಕ ಪಾವ್ ಭಾಜಿ, ಪಿಜ್ಜಾ, ಚೈನೀಸ್ ಎಲ್ಲ ಮಾರಲೇಬೇಕು. ಅವನ ದೋಸೆ ಕೆಟ್ಟರೆ ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ಈ ಕಟ್ಟಡಗಳು ಒಂದೊಂದಾಗಿ ಬೀಳುತ್ತಿವೆ. ಅವುಗಳಲ್ಲಿ ಇರುವವರಿಗೂ ಲಿಫ್ಟ್ ಬೇಕು, ಸೋರದ ಚಾವಣಿ ಬೇಕು, ಅದು ತಪ್ಪಲ್ಲ. ಆದರೆ ಹೊಸ ಗೋಪುರದ ಕೆಳಗಿನ ಅಂಗಡಿ ಯಾರಿಗೆ ಸಿಗುತ್ತದೆ? ಹಳೆ ಹೋಟೆಲಿಗೆ ಅದೇ ಅಳತೆಯ ಜಾಗ, ಅದೇ ರಸ್ತೆಗೆ ಬಾಗಿಲು, ತಾಳಬಹುದಾದ ಬಾಡಿಗೆ ಸಿಗಬೇಕು. ಕಟ್ಟಡ ಕೆಡವುವ ಕರಾರಿನಲ್ಲೇ ಅದನ್ನು ಬರೆಸಿಕೊಳ್ಳಬೇಕು. ದೇವಸ್ಥಾನ ಉಳಿಸಲು ನಾವು ಸೇರುತ್ತೇವೆ, ಕಮಿಟಿ ಮಾಡುತ್ತೇವೆ. ಹೋಟೆಲು ಉಳಿಸಲೂ ಸೇರಬೇಕು ಎಂದು ನಾನು ಎಲ್ಲ ಕಡೆ ಹೇಳುತ್ತಿದ್ದೇನೆ.

ಹೀಗೆ ಒಂದು ಕಡೆ ಹೇಳಿ ಮುಗಿಸಿದ ಮೇಲೆ ಒಬ್ಬರು ಕೇಳಿದರು: ಮುಂಬೈನಲ್ಲಿ ಒಂದೇ ದಿನ ಇದ್ದರೆ ಮಾಟುಂಗದಲ್ಲಿ ಏನು ಮಾಡಬೇಕು? ನನ್ನ ಉತ್ತರ ಇದು. ಸೋಮವಾರ ಹೋಗಬೇಡಿ, ಹಲವು ಕಡೆ ರಜೆ. ಬೆಳಿಗ್ಗೆ ಆರಕ್ಕೆ ರಾಮ ಆಶ್ರಯದಲ್ಲಿ ಉಪ್ಪಿಟ್ಟು, ಕಾಫಿ. ಏಳರಿಂದ ಮಾರ್ಕೆಟ್ ಸುತ್ತಿ ಫೈವ್ ಗಾರ್ಡನ್ಸ್ ತನಕ ನಡೆಯಿರಿ, ಹಸಿವಾಗುತ್ತದೆ. ಹತ್ತಕ್ಕೆ ಕೂಲರ್‌ನಲ್ಲಿ ಚಹಾ ಮಾತ್ರ. ಹನ್ನೊಂದೂವರೆಗೆ ರಾಮ ನಾಯಕರಲ್ಲಿ ಕೂಪನ್ ತಗೊಳ್ಳಿ, ತಡವಾದರೆ ಸಾಲು ಉದ್ದ. ಸಂಜೆ ಅಸೋಸಿಯೇಷನ್ನಿನಲ್ಲಿ ಏನಾದರೂ ಕಾರ್ಯಕ್ರಮ ಇದೆಯೇ ನೋಡಿ. ಇದ್ದರೂ ಇಲ್ಲದಿದ್ದರೂ ಏಳರ ಒಳಗೆ ಕೆಫೆ ಮದ್ರಾಸ್‌ನ ಬಾಗಿಲಲ್ಲಿ ಹೆಸರು ಬರೆಸಿಬಿಡಿ. ಒಬ್ಬರೇ ಹೋದರೆ ಬೇಗ ಸೀಟು ಸಿಗುತ್ತದೆ.